ಮೊಬೈಲಿನಲ್ಲಿ ತೆಗೆದ ಸ್ಟಾಪ್ ಮೋಷನ್ ಮಿಣುಕುವುದೇಕೆ, ಕ್ಲೇ ಗೊಂಬೆ ವಾಲುವುದೇಕೆ?

ನಿಮ್ಮ ಪ್ರಶ್ನೆ ಇಷ್ಟು: ಮುಂಬೈ ಪಕ್ಕದ ಡೊಂಬಿವಲಿಯ ಮನೆಯಲ್ಲಿ ಮೊಬೈಲಿನಿಂದಲೇ 20 ಸೆಕೆಂಡಿನ ಕ್ಲೇ ಗೊಂಬೆಯ ಸ್ಟಾಪ್ ಮೋಷನ್ ವಿಡಿಯೊ (ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೊ ತೆಗೆದು ಜೋಡಿಸಿದ್ದು) ಮಾಡಿ ಹಾಕಿದ್ದೀರಿ. ಬೆಳಕು ಮಿಣಮಿಣ ಅನ್ನುತ್ತದೆ, ಗೊಂಬೆ ನಡೆಯುತ್ತಲೇ ಪಕ್ಕಕ್ಕೆ ವಾಲುತ್ತದೆ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ ಅಂತ ಕೇಳಿದ್ದೀರಿ. ಬೇಡ. ಗೊಂಬೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಲುಗುತ್ತಿದೆ, ತೊಂದರೆ ಅದು.

ಮೊದಲು ಫೋನಿನ ಆಟೊ ಬಿಡಿಸಿ. ಗೊಂಬೆ ಸ್ವಲ್ಪ ಸರಿದರೂ ಫೋನು ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಒಂದು ಚಿತ್ರ ಹಳದಿ, ಮುಂದಿನದು ನೀಲಿ. ಮ್ಯಾನ್ಯುವಲ್ ಇರುವ ಆ್ಯಪಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಹೊಂದಾಣಿಕೆ) 5000, ಫೋಕಸ್, ಶಟರ್ ನಾಲ್ಕನ್ನೂ ಕಟ್ಟಿಹಾಕಿ. ಶಟರ್, ಅಂದರೆ ಒಂದು ಚಿತ್ರಕ್ಕೆ ಬೆಳಕು ಒಳಬಿಡುವ ಹೊತ್ತು, 1/50 ಅಥವಾ 1/25 ಸೆಕೆಂಡ್ ಇರಲಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/250 ಇಟ್ಟರೆ ಒಂದು ಚಿತ್ರಕ್ಕೆ ಏರು ಸಿಗುತ್ತದೆ, ಇನ್ನೊಂದಕ್ಕೆ ಇಳಿತ.

ಇಷ್ಟಾದರೂ ಮಿಣುಕಿದರೆ ತಪ್ಪು ಕೋಣೆಯದು. ಕಿಟಕಿಗೆ ಕಂಬಳಿ ಹಾಕಿ. ಮಳೆಗಾಲದ ಮೋಡ ಯಾವ ಸೆಟ್ಟಿಂಗಿಗೂ ಬಗ್ಗುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಸೀಲಿಂಗ್ ಫ್ಯಾನ್ ತಿರುಗಿದರೆ ರೆಕ್ಕೆಯ ನೆರಳು ಸೆಟ್ಟಿನ ಮೇಲೆ ಬೀಳುತ್ತದೆ, ಆದ್ದರಿಂದ ಫ್ಯಾನ್ ಬಂದ್ (ಮೇ ತಿಂಗಳಲ್ಲಿ ಇದು ತಪಸ್ಸೇ ಸರಿ). ಬಿಳಿ ಅಂಗಿ ಬೆಳಕನ್ನು ಗೊಂಬೆಯ ಮೇಲೆ ಎಸೆಯುತ್ತದೆ. ಕಪ್ಪು ಅಂಗಿ ತೊಟ್ಟು, ಪ್ರತಿ ಚಿತ್ರಕ್ಕೂ ಒಂದೇ ಜಾಗದಲ್ಲಿ ನಿಲ್ಲಿ. ಎರಡು ಎಲ್ಇಡಿ ಟೇಬಲ್ ಲ್ಯಾಂಪ್ ಸಾಕು, ಮುಂಬೈಯ ಲೋಹಾರ್ ಚಾಳಿನಲ್ಲಿ ಸಿಗುತ್ತವೆ.

ಟ್ರೈಪಾಡನ್ನು ಮೇಜಿನ ಮೇಲಲ್ಲ, ನೆಲದ ಮೇಲಿಟ್ಟು ಮೂರು ಕಾಲಿಗೂ ಟೇಪ್ ಅಂಟಿಸಿ. ಫೋನಿಗೆ ಬೆರಳು ತಾಗಿಸಬೇಡಿ. ವೈರಿನ ಇಯರ್‌ಫೋನಿನ ವಾಲ್ಯೂಮ್ ಬಟನ್ ಬಹಳಷ್ಟು ಆ್ಯಪುಗಳಲ್ಲಿ ಶಟರಿನ ಕೆಲಸ ಮಾಡುತ್ತದೆ. ಮನೆ ಹಳಿಯ ಪಕ್ಕದಲ್ಲಿದ್ದರೆ ಲೋಕಲ್ ದಾಟುವ ತನಕ ಕೈ ಕಟ್ಟಿ ಕೂರಿ.

ಇನ್ನು ವಾಲುವ ಗೊಂಬೆ. ಬರೀ ಕ್ಲೇಯಲ್ಲಿ ಮಾಡಿದ 15 ಸೆಂಟಿಮೀಟರಿನ ಗೊಂಬೆ ತನ್ನ ಭಾರವನ್ನು ತಾನೇ ಹೊರಲಾರದು, ಮೊದಲು ಸೋಲುವುದು ಕಣಕಾಲು. ಒಳಗೆ ಎಲುಬು ಬೇಕು: 1.5 ಎಂಎಂ ಅಲ್ಯೂಮಿನಿಯಂ ತಂತಿ, ಎರಡೆಳೆ, ಸಡಿಲವಾಗಿ ಹೊಸೆದದ್ದು. ಬಿಗಿಯಾಗಿ ಹೊಸೆದರೆ ತಂತಿ ಮೊದಲೇ ಗಡಸಾಗಿ ಮೊಣಕೈಯಲ್ಲಿ ಬೇಗ ಮುರಿಯುತ್ತದೆ. ಎದೆ, ಸೊಂಟ, ತೊಡೆಗೆ ಎಂ-ಸೀಲ್ (ಕಲಸಿ ಮೆತ್ತಿದರೆ ಗಟ್ಟಿಯಾಗುವ ಎಪಾಕ್ಸಿ ಅಂಟು) ಮೆತ್ತಿ. ಕೀಲುಗಳ ಹತ್ತಿರ ತಂತಿ ಬರಿದಾಗಿರಲಿ. ಪ್ರತಿ ಪಾದದೊಳಗೆ ಒಂದು 3 ಎಂಎಂ ನಟ್ ಹುದುಗಿಸಿ, ಪ್ಲೈವುಡ್ಡಿಗೆ ತೂತು ಕೊರೆದು ಅಡಿಯಿಂದ ಬೋಲ್ಟ್ ಬಿಗಿಯಿರಿ. ಆಗ ಒಂದೇ ಕಾಲಲ್ಲಿ ನಿಲ್ಲಿಸಿದರೂ ಬೀಳುವುದಿಲ್ಲ. ನಟ್ಟು ಬೋಲ್ಟು ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ, ಕ್ಲೇ ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಹುಡುಕಿ.

ಎಣ್ಣೆಯಂಶದ, ಒಣಗದ ಕ್ಲೇಯನ್ನೇ ಕೇಳಿ ತನ್ನಿ. ಗಣಪತಿ ಮಾಡುವ ಶಾಡು ಮಣ್ಣು ಕೈಗೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ದೀಪದ ಮುಂದೆ ಒಣಗಿ ಬಿರಿಯುತ್ತದೆ. ತಂತಿಯ ಮೇಲೆ 3–4 ಎಂಎಂಗಿಂತ ದಪ್ಪ ಹಚ್ಚಬೇಡಿ. ಸೆಕೆಗೆ ಮೆತ್ತಗಾದರೆ ಗೊಂಬೆಯನ್ನು ಡಬ್ಬಿಯಲ್ಲಿಟ್ಟು ಹತ್ತು ನಿಮಿಷ ಫ್ರಿಜ್ಜಿಗೆ ಹಾಕಿ, ಹೊರತೆಗೆದ ಮೇಲೆ ಡಬ್ಬಿಯ ಮುಚ್ಚಳವನ್ನು ತಕ್ಷಣ ತೆರೆಯಬೇಡಿ. ಮುಂಬೈಯ ತೇವದ ಗಾಳಿ ತಾಗಿದರೆ ಮೈಮೇಲೆ ಹನಿಗಟ್ಟುತ್ತದೆ. ತಿಳಿ ಬಣ್ಣ ಮೊದಲು, ಕಪ್ಪು ಕೆಂಪು ಕೊನೆಗೆ. ನಡುನಡುವೆ ಬೇಬಿ ವೈಪಿನಲ್ಲಿ ಕೈ ಒರೆಸಿಕೊಳ್ಳಿ, ಇಲ್ಲದಿದ್ದರೆ ಬಿಳಿ ಮುಖಕ್ಕೆ ಕೆಂಪು ಬೆರಳಚ್ಚು ಗ್ಯಾರಂಟಿ.

ಸೆಕೆಂಡಿಗೆ 12 ಚಿತ್ರ ಸಾಕು, 20 ಸೆಕೆಂಡಿಗೆ 240. ಸಾಮಾನ್ಯ ನಡಿಗೆಗೆ ಒಂದು ಹೆಜ್ಜೆಗೆ 6 ಚಿತ್ರ. ಕೈ ಎತ್ತಿಸುವಾಗ ಮೊದಲು 1 ಎಂಎಂ, ಆಮೇಲೆ 2, 4, 6. ನಿಲ್ಲಿಸುವಾಗ ಅದೇ ಲೆಕ್ಕ ಹಿಂದಕ್ಕೆ. ಸಮಸಮ ದೂರ ಸರಿಸಿದರೆ ಗೊಂಬೆ ಲಿಫ್ಟಿನಂತೆ ಚಲಿಸುತ್ತದೆ.

ರೀಲ್ಸಿಗಾದರೆ ಮೊದಲ ಚಿತ್ರದಿಂದಲೇ ಫೋನನ್ನು ಉದ್ದಕ್ಕೆ ನಿಲ್ಲಿಸಿ. ಅಡ್ಡ ತೆಗೆದು ಆಮೇಲೆ ಕತ್ತರಿಸಿದರೆ ಗೊಂಬೆಯ ಕೈಯೂ ಹೋಗುತ್ತದೆ, ಸ್ಪಷ್ಟತೆಯೂ ಹೋಗುತ್ತದೆ. 1080 ಬೈ 1920ರಲ್ಲಿ, ಪ್ರತಿ ಚಿತ್ರವನ್ನೂ ಎರಡು ಸಲ ಇಟ್ಟು ಸೆಕೆಂಡಿಗೆ 24 ಫ್ರೇಮಿನಂತೆ ಎಕ್ಸ್‌ಪೋರ್ಟ್ ಮಾಡಿ. ಹಿನ್ನೆಲೆಗೆ ಸಣ್ಣ ಚೌಕಳಿಯ ಬಟ್ಟೆ ಬೇಡ, ಅಪ್‌ಲೋಡ್ ಆಗುವಾಗ ಕಂಪ್ರೆಸ್ ಆಗಿ ಅದೂ ಬೇರೆ ಮಿಣುಕುತ್ತದೆ.