ಮೂರೂವರೆ ರೂಪಾಯಿ ಬಡ್ಡಿಯೂ ಅರ್ಧ ಲೀಟರ್ ಹಾಲೂ

ಮನೆ ಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದರು. ನಾಲ್ಕು ತಿಂಗಳ ಹಿಂದೆ ಕೆಲಸ ಹೋಯಿತು. ಈಗ ಸಿಕ್ಕ ಕಡೆ ದಿನಗೂಲಿಗೆ ಹೋಗುತ್ತಾರೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಇಬ್ಬರದೂ ಸೇರಿ ತಿಂಗಳಿಗೆ 21,000 ರೂಪಾಯಿ ಬಂದರೆ ಹೆಚ್ಚು. ಬಾಡಿಗೆಯೇ 8,500. ಕ್ರೆಡಿಟ್ ಕಾರ್ಡಿನಲ್ಲಿ 60,000 ಬಾಕಿ ಇದೆ, ತಿಂಗಳು ತಿಂಗಳು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದೇವೆ. ಒಂದು ಲೀಟರ್ ಹಾಲನ್ನು ಅರ್ಧಕ್ಕೆ ಇಳಿಸಿದೆ, ಪೇಪರ್ ನಿಲ್ಲಿಸಿದೆ, ರಾತ್ರಿ ಅವರಿಗೂ ಮಕ್ಕಳಿಗೂ ಬಡಿಸಿ ನಾನು ಮಜ್ಜಿಗೆ ಕುಡಿದು ಮಲಗುತ್ತೇನೆ. ಆದರೂ ಇಪ್ಪತ್ತನೇ ತಾರೀಖಿಗೆ ಕೈ ಖಾಲಿ. ಇನ್ನು ಯಾವುದನ್ನು ಕಡಿಮೆ ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ತಂಗಿ, ಮೊದಲು ರಾತ್ರಿ ಊಟ ಮಾಡಿ. ಈ ಪತ್ರ ಓದಿದ ದಿನವೇ ಶುರು ಮಾಡಿ. ಮಿಕ್ಕದ್ದೆಲ್ಲ ಆಮೇಲೆ.

ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ನನ್ನ ಯಜಮಾನರೂ ಕೆಲಸ ಕಳೆದುಕೊಂಡರು. ನೀವು ಮಾಡುತ್ತಿರುವುದನ್ನೇ ಆಗ ನಾನೂ ಮಾಡಿದೆ. ಒಪ್ಪೊತ್ತು ಉಂಡು ಮನೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಎರಡನೆಯ ತಿಂಗಳು ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತವಳು ಕಣ್ಣಿಗೆ ಕತ್ತಲೆ ಬಂದು ಬಿದ್ದೆ. ಕೊಡದ ಕಂಠವೇ ಹಣೆಗೆ ತಾಗಿ ಐದು ಹೊಲಿಗೆ ಹಾಕಬೇಕಾಯಿತು. ಆ ದಿನ ಡಾಕ್ಟರಿಗೂ ಔಷಧಕ್ಕೂ ಕೊಟ್ಟ ದುಡ್ಡಿನಲ್ಲಿ ನಮ್ಮ ಮನೆಗೆ ಮೂರು ವಾರದ ಜೋಳ ಬರುತ್ತಿತ್ತು. ಮನೆಯಲ್ಲಿ ಯಾರಿಗೂ ನಾನು ಉಣ್ಣುತ್ತಿಲ್ಲವೆಂಬುದೇ ಗೊತ್ತಿರಲಿಲ್ಲ. ನಿಮ್ಮ ಮಜ್ಜಿಗೆಯ ವಿಷಯವೂ ನಿಮ್ಮ ಯಜಮಾನರಿಗೆ ಗೊತ್ತಿರಲಾರದು. ಹೇಳಿ.

ಈಗ ಲೆಕ್ಕಕ್ಕೆ ಬರೋಣ. ಅರ್ಧ ಲೀಟರ್ ಹಾಲು ಬಿಟ್ಟಿದ್ದೀರಿ. ಅರ್ಧ ಲೀಟರಿಗೆ 24 ರೂಪಾಯಿ ಹಿಡಿದರೆ ತಿಂಗಳಿಗೆ 720 ಉಳಿಯಿತು. ಕಾರ್ಡಿನ ಬಾಕಿಯ ಮೇಲೆ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸು ಬಡ್ಡಿ ಬೀಳುತ್ತದೆ. 60,000ಕ್ಕೆ ಅದು 2,100 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ಇನ್ನೂ 378. ನೀವು ಕಟ್ಟುವ ಕನಿಷ್ಠ ಮೊತ್ತ ಬಾಕಿಯ ನೂರಕ್ಕೆ ಐದರಂತೆ 3,000 ಎಂದು ಹಿಡಿದರೆ, ಅದರಲ್ಲಿ ಅಸಲಿಗೆ ಸೇರುವುದು ಐನೂರು ಚಿಲ್ಲರೆ ಮಾತ್ರ. ಮಕ್ಕಳ ಹಾಲಿನಲ್ಲಿ ಉಳಿಸಿದ ದುಡ್ಡು, ಅದರ ಜೊತೆಗೆ ಅದರ ಎರಡರಷ್ಟಕ್ಕಿಂತ ಹೆಚ್ಚು, ಪ್ರತಿ ತಿಂಗಳೂ ಅಲ್ಲಿ ಸೋರಿ ಹೋಗುತ್ತಿದೆ.

ಬ್ಯಾಂಕಿನ ಕಾಗದದಲ್ಲಿ ‘ಶೇಕಡಾ’ ಎಂದು ಅಚ್ಚಾಗಿದ್ದರೆ ನಮಗೆ ಅದರ ಬಿಸಿ ತಟ್ಟುವುದಿಲ್ಲ. ಊರಿನ ಮಾತಿನಲ್ಲಿ ಹೇಳಿ ನೋಡಿ: ಮೂರೂವರೆ ರೂಪಾಯಿ ಬಡ್ಡಿ! ನಮ್ಮ ಓಣಿಯಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡುತ್ತಿದ್ದವರ ಮನೆ ಮೆಟ್ಟಿಲು ಹತ್ತಬೇಡವೆಂದು ನನ್ನ ಅತ್ತೆ ಸಾಯುವ ತನಕ ಹೇಳುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ, ಬಡ್ಡಿ ಮಾತ್ರ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಇನ್ನು ಅಡುಗೆಮನೆಯನ್ನು ಕೆರೆಯುವುದು ನಿಲ್ಲಿಸಿ. ಕಾರ್ಡನ್ನು ನಿಮ್ಮ ಹೊಲಿಗೆಯ ಕತ್ತರಿಯಿಂದಲೇ ಎರಡು ತುಂಡು ಮಾಡಿ. ಬಾಕಿ ಇರುವಾಗ ಅದರಲ್ಲಿ ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕಾರ್ಡು ಕೊಟ್ಟ ಬ್ಯಾಂಕಿಗೆ, ಕೆಲಸ ಹೋದ ವಿಷಯ ತಿಳಿಸಿ, ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಿಗೆ ಬದಲಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಗುರುತು ಉಳಿಯುವುದಿಲ್ಲ.

ಮನೆಯಲ್ಲಿ ಒಂದು ಜೊತೆ ಬಳೆಯೋ ಸರವೋ ಇದ್ದರೆ ಬ್ಯಾಂಕಿನ ಚಿನ್ನದ ಸಾಲವನ್ನು ವಿಚಾರಿಸಿ. ವರ್ಷಕ್ಕೆ ಶೇ. 10 ಎಂದು ಹಿಡಿದರೆ 60,000ಕ್ಕೆ ತಿಂಗಳಿಗೆ 500 ರೂಪಾಯಿ ಬಡ್ಡಿ. ಊರಿನ ಲೆಕ್ಕದಲ್ಲಿ ಒಂದು ರೂಪಾಯಿಗೂ ಕಡಿಮೆ. ಕಾರ್ಡಿನ ಸಾಲವನ್ನು ಇದರಿಂದ ತೀರಿಸಿದರೆ ತಿಂಗಳಿಗೆ ಎರಡು ಸಾವಿರದ ಹತ್ತಿರ ಉಳಿಯುತ್ತದೆ. ಒಂದು ಲೀಟರ್ ಹಾಲು ಮನೆಗೆ ಮರಳಿ ಬರುತ್ತದೆ, ನಿಮ್ಮ ರಾತ್ರಿಯ ಊಟವೂ ಬರುತ್ತದೆ. ಆದರೆ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಗಡುವು ತಪ್ಪಿದರೆ ಒಡವೆ ಹರಾಜಿಗೆ ಹೋಗುತ್ತದೆ. ಒಡವೆ ಒತ್ತೆ ಇಡುವುದು ಅವಮಾನವೆಂದು ಅತ್ತವಳು ನಾನು. ಈಗ ಹಾಗೆ ಅನ್ನಿಸುವುದಿಲ್ಲ. ಕಷ್ಟಕ್ಕೆ ಆಗಲಿ ಎಂದೇ ತವರಿನವರು ಅದನ್ನು ಹಾಕಿ ಕಳಿಸಿದ್ದು.

ಇನ್ನು ಬಾಡಿಗೆ. ಆದಾಯದ ನೂರಕ್ಕೆ ನಲವತ್ತು ಗೋಡೆಗೆ ಹೋಗುತ್ತಿದೆ. ಮನೆ ಮಾಲೀಕರ ಹತ್ತಿರ ಮುಂಗಡದ ಹಣ ಇದೆಯಲ್ಲ? ಎರಡು ತಿಂಗಳ ಬಾಡಿಗೆಯನ್ನು ಅದರಲ್ಲಿ ಮುರಿದುಕೊಳ್ಳಿ ಎಂದು ಗಂಡ ಹೆಂಡತಿ ಇಬ್ಬರೂ ಹೋಗಿ ಕೇಳಿ. ಬಾಡಿಗೆ ತಪ್ಪಿದ ಮೇಲೆ ಕೇಳುವುದಕ್ಕಿಂತ ಮುಂಚೆ ಕೇಳಿದವರಿಗೆ ಬೆಲೆ ಹೆಚ್ಚು. ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಮತ್ತು 20 ರೂಪಾಯಿಯ ಸುರಕ್ಷಾ ವಿಮೆ ನಿಮ್ಮ ಬ್ಯಾಂಕ್ ಖಾತೆಗೆ ಜೋಡಣೆಯಾಗಿದ್ದರೆ ಅವನ್ನು ನಿಲ್ಲಿಸಬೇಡಿ. ಮೊದಲನೆಯದು ಸಾವಿಗೆ, ಎರಡನೆಯದು ಅಪಘಾತಕ್ಕೆ. ಎರಡರಲ್ಲೂ ಎರಡೆರಡು ಲಕ್ಷದ ರಕ್ಷಣೆ ಇದೆ. ದಿನಗೂಲಿಗೆ ಹೋಗುವವರ ಮನೆಯಲ್ಲಿ ಅದು ಇರಲೇಬೇಕು.

ಪ್ರಶ್ನೆ: ನಮಗೆ ಯಾವಾಗಲೂ ಶೂನ್ಯ ಕರೆಂಟ್ ಬಿಲ್ ಬರುತ್ತಿತ್ತು. ಕಳೆದ ತಿಂಗಳು ಇದ್ದಕ್ಕಿದ್ದಂತೆ ಸಾವಿರದ ಐನೂರು ದಾಟಿದೆ. ಬಿಲ್ಲಿನಲ್ಲಿ 204 ಯೂನಿಟ್ ಎಂದಿದೆ. ಮೀಟರ್ ಕೆಟ್ಟಿದೆಯೇ?
– ಗೃಹಿಣಿ, ತುಮಕೂರು

ಉತ್ತರ: ಮೀಟರ್ ಸರಿಯಾಗಿಯೇ ಇರಬಹುದು. ಗೃಹಜ್ಯೋತಿಯಲ್ಲಿ ಮನೆ ಮನೆಗೂ ಒಂದು ಅರ್ಹ ಮಿತಿ ಇದೆ: 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಸಾಮಾನ್ಯವಾಗಿ ಶೇ. 10. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ. ಒಟ್ಟು ಬಳಕೆ 200 ದಾಟಿತೆಂದರೆ ಪೂರ್ತಿ ಬಿಲ್ ನಿಮ್ಮದೇ. ನಾಲ್ಕು ಯೂನಿಟ್ ನಿಮ್ಮನ್ನು ಗೆರೆಯ ಆಚೆಗೆ ತಳ್ಳಿದೆ.

2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ನಾಲ್ಕು ಜನ ಬೇರೆ ಬೇರೆ ಹೊತ್ತಿಗೆ ಕಾಲು ಕಾಲು ಗಂಟೆ ಹಾಕಿ ಬಿಟ್ಟರೂ ತಿಂಗಳಿಗೆ ಅರವತ್ತು ಯೂನಿಟ್ ಅದಕ್ಕೇ ಹೋದೀತು. ಒಬ್ಬರಾದ ಮೇಲೆ ಒಬ್ಬರು ಬೆನ್ನಿಗೇ ಸ್ನಾನ ಮುಗಿಸಿ. ಹತ್ತು ದಿನಕ್ಕೊಮ್ಮೆ ಮೀಟರಿನ ಅಂಕಿಯನ್ನು ಬರೆದಿಡಿ. ಇಪ್ಪತ್ತನೆಯ ದಿನಕ್ಕೆ ಬಳಕೆ 130 ಯೂನಿಟ್ ದಾಟಿದ್ದರೆ ಇಸ್ತ್ರಿಪೆಟ್ಟಿಗೆ, ಗೀಸರ್ ಎರಡನ್ನೂ ಹಿಡಿತಕ್ಕೆ ತನ್ನಿ. ತಿಂಗಳ ಕೊನೆಯ ನಾಲ್ಕು ದಿನ ಕತ್ತಲೆಯಲ್ಲಿ ಕೂರುವುದಕ್ಕಿಂತ ಅದು ಮೇಲು.

ಪ್ರಶ್ನೆ: ಮಾವನವರ ಬಿಪಿ, ಸಕ್ಕರೆ ಮಾತ್ರೆಗಳಿಗೆ ತಿಂಗಳಿಗೆ 1,800 ಆಗುತ್ತಿದೆ. ದುಡ್ಡು ಸಾಲದೆ ದಿನ ಬಿಟ್ಟು ದಿನ ಕೊಡುತ್ತಿದ್ದೇವೆ. ಇದರಿಂದ ತೊಂದರೆಯೇ?
– ಓದುಗರು, ಹಾಸನ

ಉತ್ತರ: ತೊಂದರೆಯೇ. ದಯವಿಟ್ಟು ದಿನ ಬಿಟ್ಟು ದಿನ ಕೊಡುವುದನ್ನು ಇಂದೇ ನಿಲ್ಲಿಸಿ, ಪ್ರತಿದಿನ ಕೊಡಿ. ಡಾಕ್ಟರ ಹತ್ತಿರ ಹೋಗಿ ನಿಮ್ಮ ಪರಿಸ್ಥಿತಿ ಹೇಳಿ, ಮಾತ್ರೆಯ ಕಂಪನಿ ಹೆಸರಿನ ಬದಲು ಅದರೊಳಗಿನ ಔಷಧದ ಹೆಸರನ್ನು ಬರೆಸಿಕೊಳ್ಳಿ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್ ಇಂಥವು ಜನೌಷಧಿ ಕೇಂದ್ರದಲ್ಲಿ ಬಹಳ ಅಗ್ಗಕ್ಕೆ ಸಿಗುತ್ತವೆ. ಸರ್ಕಾರಿ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಬಿಪಿ, ಸಕ್ಕರೆಗೆ ಉಚಿತವಾಗಿಯೇ ಕೊಡುತ್ತಾರೆ. ಬೆಳಿಗ್ಗೆ ಸಾಲಿನಲ್ಲಿ ನಿಲ್ಲಬೇಕು, ಅಷ್ಟೆ.

ಪ್ರಶ್ನೆ: ಮೂರು ಕಡೆ ಸಂಘದ ಸಾಲ ಮಾಡಿದ್ದೇನೆ. ವಾರದ ಕಂತು ಕಟ್ಟಲು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಿದ್ದೇನೆ. ವಸೂಲಿಯವರು ರಾತ್ರಿ ಎಂಟಕ್ಕೆ ಬಂದು ಬಾಗಿಲಲ್ಲಿ ಕೂರುತ್ತಾರೆ. ನಾಲ್ಕನೆಯ ಕಡೆಯಿಂದ ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?
– ಹೆಸರು ಬೇಡ, ನಂಜನಗೂಡು ತಾಲ್ಲೂಕು

ಉತ್ತರ: ಬೇಡ ತಾಯಿ. ನಾಲ್ಕನೆಯದು ಮೂರನ್ನೂ ತೀರಿಸುವುದಿಲ್ಲ, ನಾಲ್ಕು ವಾರ ತಳ್ಳುತ್ತದೆ ಅಷ್ಟೆ.

ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟುವಂತೆ ಕಿರುಸಾಲ (ಮೈಕ್ರೋಫೈನಾನ್ಸ್) ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಕಿರುಸಾಲದವರು ವಸೂಲಿಗೆ ಫೋನ್ ಕೂಡ ಮಾಡುವಂತಿಲ್ಲ. ರಾತ್ರಿ ಎಂಟಕ್ಕೆ ನಿಮ್ಮ ಹೊಸ್ತಿಲಲ್ಲಿ ಕೂರಲು ಅವರಿಗೆ ಯಾವ ಅಧಿಕಾರವೂ ಇಲ್ಲ. ಬಲವಂತದ ವಸೂಲಿಯ ವಿರುದ್ಧ ನಮ್ಮ ರಾಜ್ಯವೂ 2025ರಲ್ಲಿ ಕಾನೂನು ತಂದಿದೆ. ಅಕ್ಕಪಕ್ಕದ ಇಬ್ಬರನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಡಿ, ಅದಕ್ಕೆ ಸ್ವೀಕೃತಿ ಕೇಳಿ.

ಸಾಲ ಸಾಲವೇ, ತೀರಿಸಬೇಕು. ಮೂರು ಪಾಸ್‌ಪುಸ್ತಕಗಳನ್ನೂ ಮುಂದೆ ಹರಡಿಕೊಂಡು ಯಾವುದು ಬೇಗ ಮುಗಿಯುತ್ತದೆ ನೋಡಿ. ವಾರಕ್ಕೆ ನಿಮ್ಮ ಕೈಯಿಂದ ನಿಜವಾಗಿ ಎಷ್ಟು ಸಾಧ್ಯವೋ ಅಷ್ಟನ್ನು ಹೇಳಿ, ಅವಧಿ ಹೆಚ್ಚಿಸಿಕೊಡಿ ಎಂದು ಮೂರೂ ಕಡೆ ಕೇಳಿ. ಗೃಹಲಕ್ಷ್ಮಿಯ 2,000 ಬರುವ ಖಾತೆಯ ಎಟಿಎಂ ಕಾರ್ಡನ್ನು ಯಾರ ಕೈಗೂ ಕೊಡಬೇಡಿ. ಮುಖ್ಯವಾಗಿ, ಕತ್ತಲೆಯಲ್ಲಿ ಒಬ್ಬರೇ ಕೂತು ಏನೇನೋ ಯೋಚಿಸಬೇಡಿ. ಬಾಕಿಯ ಪುಸ್ತಕಕ್ಕಿಂತ ನಿಮ್ಮ ಜೀವ ದೊಡ್ಡದು. ಮುಂದಿನ ತಿಂಗಳು ಮತ್ತೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ಪುಷ್ಟಿಯೂ ಸಿಗುವ ಅಡುಗೆ ಹೇಳಿ.
– ಅಂಗನವಾಡಿ ಸಹಾಯಕಿ, ಚನ್ನಪಟ್ಟಣ

ಉತ್ತರ: ಬಸ್ಸಾರಿನ ಸೀಮೆಯವರು ನನ್ನನ್ನು ಕೇಳುತ್ತೀರಲ್ಲ! ಬಯಲುಸೀಮೆಯ ನಾನು ಅದನ್ನು ಕಲಿತದ್ದು ಮಂಡ್ಯದಿಂದ ಸೊಸೆಯಾಗಿ ಬಂದ ಪಕ್ಕದ ಮನೆಯ ಹುಡುಗಿಯಿಂದ. ಹುರುಳಿಕಾಳನ್ನು ರಾತ್ರಿ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸುತ್ತಿದ್ದಳು. ದಂಟಿನ ಸೊಪ್ಪನ್ನು ಕೊನೆಗೆ ಹಾಕಿ ಒಂದು ಕುದಿ ಬರಿಸಿ ಬಸಿಯುತ್ತಿದ್ದಳು. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಂದು ಹಿಡಿ ಬೆಂದ ಕಾಳು, ಚೂರು ಹುಣಸೆ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಪದಾರ್ಥ, ಚೆಲ್ಲುವುದಕ್ಕೆ ಒಂದು ಹನಿ ನೀರೂ ಇಲ್ಲ. ಮಾರನೆಯ ದಿನ ಆ ಸಾರಿನ ರುಚಿಯೇ ಬೇರೆ. ಮುದ್ದೆಗೆ ಇದಕ್ಕಿಂತ ಬೇಕೆ?

ಕಾಳು ನೆನೆದಿದ್ದರೆ ಗ್ಯಾಸ್ ಉಳಿಯುತ್ತದೆ. ಹೊಸ ಸಿಲಿಂಡರ್ ಹಾಕಿದ ದಿನವನ್ನು ಅದರ ಮೈಮೇಲೆ ಸೀಮೆಸುಣ್ಣದಿಂದ ಬರೆಯಿರಿ. ಮುಂದಿನದಕ್ಕೆ ಎರಡು ದಿನ ಹೆಚ್ಚು ಬಂದರೂ ಕಣ್ಣಿಗೆ ಕಾಣುತ್ತದೆ. ಸೊಪ್ಪು ತರಕಾರಿಗೆ ಸಂತೆ ಮುಗಿಯುವ ಹೊತ್ತಿಗೆ ಹೋಗಿ, ಕಡಿಮೆಗೆ ಸಿಗುತ್ತದೆ. ಮಾರುವವರಿಗೂ ಹೊತ್ತುಕೊಂಡು ಹಿಂದಿರುಗುವ ಭಾರ ಇಳಿಯುತ್ತದೆ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ. ಈ ದೀಪಾವಳಿಗೆ ಎರಡು ಸಾವಿರದ ಲೆಹೆಂಗಾ ಬೇಕೆಂದು ಹಟ ಹಿಡಿದಿದ್ದಾಳೆ. ಯಜಮಾನರ ಅಂಗಡಿ ನಷ್ಟದಲ್ಲಿದೆ. ಮಗುವಿನ ಮುಂದೆ ಕಷ್ಟ ಹೇಳಿಕೊಳ್ಳಲು ಮನಸ್ಸು ಬಾರದು. ಕೈಗಡ ಮಾಡಿ ತಂದುಬಿಡಲೇ?
– ತಾಯಿ, ಗದಗ

ಉತ್ತರ: ಕೈಗಡ ಮಾಡಬೇಡಿ, ಮುಚ್ಚಿಡಲೂ ಬೇಡಿ. ಮನೆಯಲ್ಲಿ ಏನೋ ಆಗಿದೆ ಎಂದು ಹನ್ನೊಂದರ ಹುಡುಗಿಗೆ ಆಗಲೇ ಗೊತ್ತಿದೆ. ಅದು ಏನೆಂದು ತಿಳಿಯದೆ ಅವಳು ಹೆದರಿದ್ದಾಳೆ. ಹಟಕ್ಕೂ ಅದೇ ಕಾರಣವಿದ್ದೀತು.

ಗಿರಣಿ ಮುಚ್ಚಿದ ವರ್ಷ ನನ್ನ ಮಗಳು ಆರನೆಯ ತರಗತಿ. ನನಗೆ ಕೂಡುವ ಲೆಕ್ಕ ನಿಧಾನ. ಹಾಗಾಗಿ ಖರ್ಚಿನ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಪ್ರತಿ ಭಾನುವಾರ ಮೊತ್ತ ಹಾಕಲು ಹೇಳಿದೆ. ಎರಡನೆಯ ತಿಂಗಳೇ ಅವಳು ಒಂದು ತಪ್ಪು ಹಿಡಿದಳು: ಮೂವತ್ತು ದಿನದ ತಿಂಗಳಿಗೆ ಹಾಲಿನವರು ಮೂವತ್ತೊಂದು ದಿನದ ದುಡ್ಡು ಬರೆದಿದ್ದರು. ಆ ದಿನ ಅವಳ ಮುಖ ನೋಡಬೇಕಿತ್ತು. ದೀಪಾವಳಿ ಹತ್ತಿರ ಬಂದಾಗ ಹಟ ಹಿಡಿಯಲಿಲ್ಲ. “ಅಮ್ಮಾ, ಹಬ್ಬಕ್ಕೆ ಎಷ್ಟು ಇಟ್ಟಿದ್ದೀಯಾ?” ಎಂದು ಕೇಳಿದಳು. ನಲವತ್ತು ರೂಪಾಯಿ ಎಂದೆ. ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು.

ನೀವೂ ಮೊತ್ತವನ್ನು ಹೇಳಿ. ಆರುನೂರೋ ಎಂಟುನೂರೋ, ಕೈಯಲ್ಲಿ ನಿಜವಾಗಿ ಇರುವಷ್ಟು. ಅದನ್ನು ಹೇಗೆ ಖರ್ಚು ಮಾಡಬೇಕೆಂಬುದನ್ನು ಅವಳಿಗೆ ಬಿಡಿ. ಬಟ್ಟೆಯೋ, ಪಟಾಕಿಯೋ, ಎರಡರಲ್ಲೂ ಸ್ವಲ್ಪವೋ. ಅವಳು ಆರಿಸಿದ್ದನ್ನು ನೀವು ತಿದ್ದಬೇಡಿ.

ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ದೀಪಾವಳಿಯ ಪುಟದಲ್ಲಿ ಅವಳ ಗುಂಡು ಅಕ್ಷರ: ಹೂವಿನ ಛೀಟು ಎರಡು ಮೀಟರ್, 24 ರೂ. ಲೇಸು, 4 ರೂ. ಗುಂಡಿ, 1 ರೂ. ತಮ್ಮನಿಗೆ ಸುರುಸುರುಬತ್ತಿ, 5 ರೂ. ಉಳಿಕೆ 6 ರೂ., ಅಮ್ಮನ ಹತ್ತಿರ ಕೊಟ್ಟಿದೆ.