ಪ್ರಯಾರಿಟಿ 100 ಕೊಟ್ಟರೂ ನನ್ನ ರೂಟರ್ ಡಿಆರ್ ಯಾಕೆ ಆಗುತ್ತಿಲ್ಲ?

ನಿಮ್ಮ ಕಾನ್ಫಿಗರೇಶನ್‌ನಲ್ಲಿ ತಪ್ಪಿಲ್ಲ. ಓಎಸ್‌ಪಿಎಫ್ ಅಂದರೆ ರೂಟರ್‌ಗಳು ದಾರಿಯ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್. ಒಂದೇ ಸ್ವಿಚ್‌ನಲ್ಲಿರುವ ರೂಟರ್‌ಗಳು ಅದರಲ್ಲಿ ಚುನಾವಣೆ ನಡೆಸಿ ಒಂದು ಡಿಆರ್ (ಡೆಸಿಗ್ನೇಟೆಡ್ ರೂಟರ್, ಉಳಿದವೆಲ್ಲ ಮಾಹಿತಿ ಹೊಂದಿಸಿಕೊಳ್ಳುವ ಮುಖ್ಯ ರೂಟರ್) ಮತ್ತು ಅದರ ಬದಲಿಗೆ ನಿಲ್ಲುವ ಒಂದು ಬಿಡಿಆರ್ ಆರಿಸುತ್ತವೆ; ಪ್ರಯಾರಿಟಿ ಅಂದರೆ ಆ ಚುನಾವಣೆಯಲ್ಲಿ ರೂಟರ್‌ಗೆ ನಾವು ಕೊಡುವ ಅಂಕ. ಒಂದೇ ಸ್ವಿಚ್‌ಗೆ ನಾಲ್ಕು ಸಿಸ್ಕೋ ರೂಟರ್ (ಆರ್1ರಿಂದ ಆರ್4) ಜೋಡಿಸಿದ್ದೀರಿ, ಓಎಸ್‌ಪಿಎಫ್ ಓಡುತ್ತಿರುವಾಗಲೇ ಆರ್1ಗೆ ಪ್ರಯಾರಿಟಿ 100 ಕೊಟ್ಟಿದ್ದೀರಿ, ಆದರೂ ಆರ್4 ಡಿಆರ್, ಆರ್3 ಬಿಡಿಆರ್ ಅಂತಲೇ ತೋರಿಸುತ್ತಿದೆ, ಅಲ್ವಾ? ಅದು ಹಾಗೇ ಇರಬೇಕು. ಪ್ರಯಾರಿಟಿ ಲೆಕ್ಕಕ್ಕೆ ಬರುವುದು ಕುರ್ಚಿ ಖಾಲಿ ಇದ್ದಾಗ ಮಾತ್ರ. ಕೂತವರನ್ನು ಓಎಸ್‌ಪಿಎಫ್ ಎಬ್ಬಿಸುವುದಿಲ್ಲ, ಯಾಕೆಂದರೆ ಡಿಆರ್ ಬದಲಾದರೆ ಉಳಿದ ರೂಟರ್‌ಗಳೆಲ್ಲ ಹೊಸ ಡಿಆರ್ ಜೊತೆ ಮತ್ತೆ ಡೇಟಾಬೇಸ್ ಹೊಂದಿಸಿಕೊಳ್ಳಬೇಕು, ಸುಮ್ನೆ ಯಾಕೆ ಆ ಗದ್ದಲ?

ಮೊದಲು ಆರ್4 ಗೆದ್ದದ್ದು ರೂಟರ್ ಐಡಿಯಿಂದ, ಅಂದರೆ ಪ್ರತಿ ರೂಟರ್‌ಗೂ ಇರುವ ಗುರುತಿನ ಸಂಖ್ಯೆಯಿಂದ. ಎಲ್ಲರದ್ದೂ ಡೀಫಾಲ್ಟ್ ಪ್ರಯಾರಿಟಿ 1. ಸಮ ಬಂದರೆ ದೊಡ್ಡ ಐಡಿ ಗೆಲ್ಲುತ್ತದೆ.

ಈಗ ಆರ್4ರ ಇಂಟರ್‌ಫೇಸ್ ಡೌನ್ ಮಾಡಿ ನೋಡಿ. ನಡುವೆ ಸ್ವಿಚ್ ಇರುವುದರಿಂದ ಉಳಿದವಕ್ಕೆ ತಕ್ಷಣ ಗೊತ್ತಾಗುವುದಿಲ್ಲ, 40 ಸೆಕೆಂಡ್ ಹಲೋ (ರೂಟರ್ ‘ನಾನಿದ್ದೇನೆ’ ಅಂತ ಕಳಿಸುವ ಸಂದೇಶ) ಬರದಿದ್ದಾಗ ಗೊತ್ತಾಗುತ್ತದೆ. ಆಗಲೂ ಡಿಆರ್ ಆಗುವುದು ಆರ್1 ಅಲ್ಲ, ಬಿಡಿಆರ್ ಆಗಿದ್ದ ಆರ್3. ಖಾಲಿಯಾದ ಬಿಡಿಆರ್ ಜಾಗಕ್ಕೆ ಆರ್1 ಬರುತ್ತದೆ. ಆಮೇಲೆ ಆರ್3 ಕೂಡ ಹೋದರೆ ಮಾತ್ರ ಆರ್1 ಡಿಆರ್.

ಇದು ಬರೀ ಲ್ಯಾಬ್ ವಿಷಯ ಅಲ್ಲ. ನಾನು ಹುಬ್ಬಳ್ಳಿ ಗೋಕುಲ ರೋಡಿನ ಒಂದು ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಅಲ್ಲಿ ಕರೆಂಟ್ ಹೋಗಿ ಬಂದಾಗ ಸಣ್ಣ ರೂಟರ್‌ಗಳು ಬೇಗ ಎದ್ದುಬಿಡುತ್ತವೆ, ದೊಡ್ಡದಕ್ಕೆ ಜಾಸ್ತಿ ಹೊತ್ತು ಬೇಕು. ಸಣ್ಣದು 40 ಸೆಕೆಂಡ್ ಕಾಯುತ್ತದೆ, ಡಿಆರ್ ಯಾರೂ ಕಾಣದಿದ್ದರೆ ಎದ್ದವರ ನಡುವೆಯೇ ಚುನಾವಣೆ ಮುಗಿಯುತ್ತದೆ. ಪ್ರಯಾರಿಟಿ 200 ಇಟ್ಟುಕೊಂಡ ದೊಡ್ಡ ರೂಟರ್ ಆಮೇಲೆ ಬಂದು ಡಿಆರ್‌ಅದರ್ (ಡಿಆರೂ ಅಲ್ಲದ, ಬಿಡಿಆರೂ ಅಲ್ಲದ ರೂಟರ್) ಆಗಿ ಕೂರುತ್ತದೆ. ಹಾಗಾಗಿ ಬೇಕಾದವರಿಗೆ ದೊಡ್ಡ ನಂಬರ್ ಕೊಡುವುದಕ್ಕಿಂತ ಬೇಡದವರಿಗೆ 0 ಕೊಡುವುದೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಪ್ರಯಾರಿಟಿ 0 ಇದ್ದರೆ ಅದು ಎಂದಿಗೂ ಡಿಆರ್ ಆಗದು, ಬಿಡಿಆರ್ ಕೂಡ ಆಗದು. ಡಿಆರ್, ಬಿಡಿಆರ್ ಆಗಬೇಕಾದ ಎರಡನ್ನು ಬಿಟ್ಟು ಉಳಿದದ್ದಕ್ಕೆಲ್ಲ 0 ಹಾಕಿ. ಎಲ್ಲದಕ್ಕೂ ಹಾಕಿದರೆ ಮಾತ್ರ ಡಿಆರ್ ಯಾರೂ ಇಲ್ಲದೆ ಎಲ್ಲ ಟೂ-ವೇನಲ್ಲೇ (ಒಂದಕ್ಕೊಂದು ಕಂಡರೂ ಡೇಟಾಬೇಸ್ ಹೊಂದಿಸಿಕೊಳ್ಳದ ಸ್ಥಿತಿ) ನಿಲ್ಲುತ್ತವೆ, ರೂಟ್ ಬರುವುದಿಲ್ಲ. ಎರಡು ಡಿಆರ್‌ಅದರ್‌ಗಳ ನಡುವೆ ಟೂ-ವೇ ಕಂಡರೆ ಗಾಬರಿ ಬೇಡ, ಅವು ಫುಲ್ (ಡೇಟಾಬೇಸ್ ಪೂರ್ತಿ ಹೊಂದಿಸಿಕೊಂಡ ಸ್ಥಿತಿ) ಆಗುವುದು ಡಿಆರ್ ಮತ್ತು ಬಿಡಿಆರ್ ಜೊತೆ ಮಾತ್ರ.