ಸಂಪಾದಕರ ಉತ್ತರ: ಪೆಟ್ರಾ ತಂಡ ದೇವರ ಹೆಸರು ಮಾರಿತೇ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಗಿಟಾರ್ ಕುರಿತ ಲೇಖನದಲ್ಲಿ ಅಮೆರಿಕದ ಪೆಟ್ರಾ ಎಂಬ ಕ್ರೈಸ್ತ ರಾಕ್ ತಂಡವನ್ನು ಗೌರವದಿಂದ ನೆನೆದಿದ್ದೀರಿ. ನಾನು ಹಾರ್ಮೋನಿಯಂ ಜೊತೆ ಹಳೆಯ ಗೀತೆಗಳನ್ನು ಹಾಡುತ್ತ ಬೆಳೆದವನು. ಮೊಮ್ಮಗ ಆ ತಂಡದ ಹಾಡು ಹಾಕಿದರೆ ಮನೆಯ ಹೆಂಚು ಅದುರುತ್ತದೆ. ದೇವರ ಹೆಸರು ಮುಂದಿಟ್ಟುಕೊಂಡು ರಾಕ್ ಮಾರಿದವರಲ್ಲವೇ ಇವರು? ಅಲ್ಲದೆ ಹಾಡುವವರೂ ಬಾರಿಸುವವರೂ ಬದಲಾಗುತ್ತಲೇ ಹೋದ ಗುಂಪನ್ನು ಒಂದು ತಂಡ ಅನ್ನುವುದಾದರೂ ಹೇಗೆ?"
— ಮಂಗಳೂರಿನ ಹಿರಿಯ ಓದುಗರೊಬ್ಬರು

ಮಾನ್ಯರೇ,

ಸದ್ದಿನ ಬಗ್ಗೆ ನಿಮ್ಮೊಡನೆ ವಾದಕ್ಕೆ ಇಳಿಯುವುದಿಲ್ಲ. ಅವರವರ ಕಿವಿ ಅವರವರದು. ಆದರೆ "ಮಾರಿದವರು" ಅನ್ನುವ ಮಾತನ್ನು ಒಪ್ಪಲು ನನ್ನಿಂದಾಗದು. ಪೆಟ್ರಾದ ಮೊದಲ ಹತ್ತು ವರ್ಷ ನೋಡಿ. ದುಡ್ಡು ಮಾಡಲು ಹೊರಟವರು ಯಾರೂ ಆ ದಾರಿ ಹಿಡಿಯುತ್ತಿರಲಿಲ್ಲ.

1972ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಊರಿನಲ್ಲಿ, ಒಂದು ಕ್ರೈಸ್ತ ತರಬೇತಿ ಕೇಂದ್ರದಲ್ಲಿ ಕಲಿಯುತ್ತಿದ್ದ ನಾಲ್ವರು ಹುಡುಗರು ಸೇರಿ ಈ ತಂಡ ಕಟ್ಟಿದರು. ಬಾಬ್ ಹಾರ್ಟ್‌ಮನ್ ಮತ್ತು ಗ್ರೆಗ್ ಹಫ್ ಗಿಟಾರ್, ಜಾನ್ ಡಿಗ್ರಾಫ್ ಬೇಸ್, ಬಿಲ್ ಗ್ಲೋವರ್ ಡ್ರಮ್ಸ್. ಹಿಪ್ಪಿಗಳಾಗಿ ಅಲೆದ ಎಷ್ಟೋ ಯುವಕರು ಯೇಸುವಿನ ಕಡೆ ತಿರುಗಿ, ಉದ್ದ ಕೂದಲು ಮತ್ತು ಗಿಟಾರ್ ಎರಡನ್ನೂ ಬಿಡದೆ ಚರ್ಚಿನ ಬಾಗಿಲಿಗೆ ಬಂದು ನಿಂತಿದ್ದ ಕಾಲ ಅದು. ಗ್ರೀಕ್ ಭಾಷೆಯಲ್ಲಿ ಪೆಟ್ರಾ ಎಂದರೆ ಬಂಡೆ. "ನೀನು ಪೇತ್ರನು" ಎಂದು ಯೇಸು ಸೀಮೋನನಿಗೆ ಹೇಳಿ, ಈ ಬಂಡೆಯ ಮೇಲೆ ನನ್ನ ಸಭೆ ಕಟ್ಟುವೆನು ಅನ್ನುವ ಮತ್ತಾಯನ ವಾಕ್ಯ ನಿಮಗೆ ಬಾಯಿಪಾಠವೇ ಇರಬೇಕು. ಇಂಗ್ಲಿಷಿನಲ್ಲಿ ಬಂಡೆಗೂ ಆ ಸಂಗೀತಕ್ಕೂ ಒಂದೇ ಹೆಸರು, ರಾಕ್. ಹುಡುಗರು ಎರಡನ್ನೂ ಒಂದೇ ಪದದಲ್ಲಿ ಹಿಡಿದರು.

1974ರಲ್ಲಿ ಮರ್ ಎಂಬ ಕ್ರೈಸ್ತ ರೆಕಾರ್ಡ್ ಕಂಪನಿಯಿಂದ ಮೊದಲ ಆಲ್ಬಂ ಬಂತು. ಆಗ ಅಮೆರಿಕದಲ್ಲಿ ಕ್ರೈಸ್ತ ಹಾಡಿನ ರೆಕಾರ್ಡುಗಳು ಮುಖ್ಯವಾಗಿ ಮಾರಾಟವಾಗುತ್ತಿದ್ದದ್ದು ಬೈಬಲ್, ಧರ್ಮಗ್ರಂಥ ಇಡುವ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ. ಇಷ್ಟು ಗಡುಸಾದ ಗಿಟಾರ್ ಇರುವ ರೆಕಾರ್ಡನ್ನು ಅಲ್ಲಿನ ಎಷ್ಟೋ ಅಂಗಡಿಯವರು ಒಳಗೇ ಬಿಟ್ಟುಕೊಳ್ಳಲಿಲ್ಲ. ಸಾಮಾನ್ಯ ರೇಡಿಯೊದವರಿಗೆ ಹಾಡಿನಲ್ಲಿ ಯೇಸುವಿನ ಹೆಸರು ಬೇಡ. ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ಊರೂರು ಸುತ್ತಿ ಸಿಕ್ಕ ಕಡೆ ಹಾಡಿದರು.

ಎರಡನೆಯ ಆಲ್ಬಂ (1977) ಹೊತ್ತಿನ ಒಂದು ಪ್ರಸಂಗವನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಹಾರ್ಟ್‌ಮನ್ ಬರೆದಿದ್ದ ಒಂದು ಹಾಡಿನ ಹೆಸರು "ಕಿಲ್ಲಿಂಗ್ ಮೈ ಓಲ್ಡ್ ಮ್ಯಾನ್". ಅಮೆರಿಕದ ಆಡುಮಾತಿನಲ್ಲಿ ಓಲ್ಡ್ ಮ್ಯಾನ್ ಎಂದರೆ ಅಪ್ಪ. ಹೆಸರು ಕೇಳಿದವನಿಗೆ ಅಪ್ಪನನ್ನು ಕೊಲ್ಲುವ ಹಾಡು ಅನ್ನಿಸಿದರೆ ತಪ್ಪಿಲ್ಲ. ಹಾಡಿನಲ್ಲಿರುವುದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯ. ನಮ್ಮ ಕನ್ನಡ ಬೈಬಲಿನಲ್ಲಿ "ಪೂರ್ವಸ್ವಭಾವ" ಎಂದು ಬರುತ್ತದಲ್ಲ, ಶಿಲುಬೆಗೆ ಹಾಕಿಸಿಕೊಂಡ ಆ ಹಳೆಯ ಮನುಷ್ಯ, ಅವನೇ ಇವನು. ಕಂಪನಿಯವರು ಗಲಾಟೆಯಾದೀತೆಂದು ಅದನ್ನು ಆಲ್ಬಮ್ಮಿನಿಂದ ತೆಗೆಸಿದರು. ಹಾಡು ಹೊರಬರಲು 1981 ಬೇಕಾಯಿತು. ಬೈಬಲನ್ನು ಅಷ್ಟು ಹತ್ತಿರದಿಂದ ಓದಿ ಬರೆದ ಹಾಡು ಕ್ರೈಸ್ತ ಕಂಪನಿಗೇ ಅಪಾಯವಾಗಿ ಕಂಡಿತು. ಈ ತಂಡದ ಇಡೀ ಕಷ್ಟ ಆ ಒಂದು ಹಾಡಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

1979ರ ಹೊತ್ತಿಗೆ ಮೊದಲಿನ ನಾಲ್ವರಲ್ಲಿ ಹಾರ್ಟ್‌ಮನ್ ಒಬ್ಬರೇ ಉಳಿದಿದ್ದರು. ಎತ್ತರದ ದನಿಯ ಗ್ರೆಗ್ ವೋಲ್ಜ್ ಮುಖ್ಯ ಗಾಯಕರಾಗಿ ಸೇರಿದ್ದರು. ತಂಡವೇ ಮುಚ್ಚಿಹೋಗುವ ಸ್ಥಿತಿ. ಆಗ ಬಂದದ್ದು 1981ರ ಆಲ್ಬಂ "ನೆವರ್ ಸೇ ಡೈ". ಅದರಲ್ಲಿ ಬಣ್ಣಗಳನ್ನು ಹಿಡಿದು ಕ್ರಿಸ್ತನ ಕತೆ ಹೇಳುವ "ದಿ ಕಲರಿಂಗ್ ಸಾಂಗ್" ಎಂಬ ಮೆಲುದನಿಯ ಹಾಡೊಂದಿತ್ತು. ಕ್ರೈಸ್ತ ರೇಡಿಯೊ ಅದನ್ನು ಎತ್ತಿಕೊಂಡಿತು. ಸರ್ವೆಂಟ್ ಎಂಬ ತಂಡದ ಕಾರ್ಯಕ್ರಮಗಳಲ್ಲಿ ಮೊದಲ ಸರದಿಗೆ ಹಾಡಲು ಹೋದ ಪೆಟ್ರಾವನ್ನು ಜನ ಗುರುತಿಸತೊಡಗಿದರು. ಮರುವರ್ಷ "ಮೋರ್ ಪವರ್ ಟು ಯಾ", ಅದರ ಮರುವರ್ಷ "ನಾಟ್ ಆಫ್ ದಿಸ್ ವರ್ಲ್ಡ್". ಈ ಮೂರೇ ನನ್ನ ಮಟ್ಟಿಗೆ ಪೆಟ್ರಾದ ತಿರುಳು.

ಹೆಸರು ಬಂದ ಮೇಲೆ ಬೈಗುಳವೂ ಬಂತು. ಟಿವಿಯಲ್ಲಿ ಲಕ್ಷಾಂತರ ಜನ ನೋಡುತ್ತಿದ್ದ ಬೋಧಕ ಜಿಮ್ಮಿ ಸ್ವಾಗರ್ಟ್ ಕ್ರೈಸ್ತ ರಾಕ್ ಎಂಬುದೇ ಮೋಸ ಎಂದು ಸಾರುತ್ತಿದ್ದರು. ರಾಕ್ ರೆಕಾರ್ಡುಗಳನ್ನು ಹಿಂದುಮುಂದಾಗಿ ತಿರುಗಿಸಿದರೆ ಸೈತಾನನ ಸಂದೇಶ ಕೇಳುತ್ತದೆ ಎಂಬ ಭಯವೂ ಆಗ ದೇಶವೆಲ್ಲ ಹಬ್ಬಿತ್ತು. ಪೆಟ್ರಾದವರು ಇದಕ್ಕೆ ಹಾಡಿನಲ್ಲೇ ಉತ್ತರ ಕೊಟ್ಟರು. 1982ರ ಆಲ್ಬಮ್ಮಿನ "ಜೂಡಸ್ ಕಿಸ್" ಹಾಡಿನ ಮೊದಲಿಗೆ ಬೇಕೆಂದೇ ಒಂದು ಮಾತನ್ನು ಹಿಂದುಮುಂದಾಗಿ ಸೇರಿಸಿದರು. ತಿರುಗಿಸಿ ಕೇಳಿದವನಿಗೆ ಸಿಗುವುದು ಇಷ್ಟು: ಕರ್ತನನ್ನು ಹುಡುಕಬೇಕಾದ ನೀನು ಸೈತಾನನನ್ನು ಯಾಕೆ ಹುಡುಕುತ್ತಿದ್ದೀಯಾ? ಆಲ್ಬಮ್ಮಿನ ಹಾಳೆಗಳಲ್ಲಿ ಹಾಡಿನ ಸಾಹಿತ್ಯದ ಪಕ್ಕದಲ್ಲಿ ಬೈಬಲಿನ ಅಧ್ಯಾಯ, ವಚನಗಳ ಸಂಖ್ಯೆಯನ್ನೂ ಅಚ್ಚು ಹಾಕಿಸುತ್ತಿದ್ದರು. ಅನುಮಾನ ಬಂದವರು ಪುಸ್ತಕ ತೆರೆದು ನೋಡಿಕೊಳ್ಳಲಿ ಎಂದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. 1985ರಲ್ಲಿ ವೋಲ್ಜ್ ತಂಡ ಬಿಟ್ಟರು. ಜನರ ಕಿವಿಯಲ್ಲಿ ಪೆಟ್ರಾ ಅಂದರೆ ಅವರದೇ ದನಿ. ಹಾರ್ಟ್‌ಮನ್ ಹುಡುಕಿದ್ದು ಜಾನ್ ಶ್ಲಿಟ್ ಎಂಬವರನ್ನು. ಶ್ಲಿಟ್ ಎಪ್ಪತ್ತರ ದಶಕದಲ್ಲಿ ಹೆಡ್ ಈಸ್ಟ್ ಎಂಬ ಸಾಮಾನ್ಯ ರಾಕ್ ತಂಡದ ಗಾಯಕ, ಹೆಸರು ಕಂಡವರು. ಕೊಕೇನ್ ಮತ್ತು ಕುಡಿತಕ್ಕೆ ಬಿದ್ದು 1980ರಲ್ಲಿ ಆ ತಂಡ ಅವರನ್ನು ಹೊರಹಾಕಿತು. ಅದೇ ವರ್ಷ ಹೆಂಡತಿಯ ಒತ್ತಾಯಕ್ಕೆ ಪಾಸ್ಟರ್ ಒಬ್ಬರ ಬಳಿ ಹೋದವರು ನಂಬಿಕೆಗೆ ಬಂದರು, ಚಟ ಬಿಟ್ಟರು, ಹಾಡುವುದನ್ನೂ ಬಿಟ್ಟರು. ಸಿವಿಲ್ ಎಂಜಿನಿಯರಿಂಗ್ ಓದಿದ್ದರಿಂದ ಗಣಿಯೊಂದರಲ್ಲಿ ಕೆಲಸ ಸಿಕ್ಕಿತು, ಸಂಸಾರ ನಡೆಯುತ್ತಿತ್ತು. ಐದಾರು ವರ್ಷ ವೇದಿಕೆ ಹತ್ತದ ಆ ಮನುಷ್ಯನಿಗೆ ಹಾರ್ಟ್‌ಮನ್ ಫೋನ್ ಮಾಡಿದರು. 1986ರಲ್ಲಿ ಶ್ಲಿಟ್ ಗಂಟಲಿನಲ್ಲಿ "ಬ್ಯಾಕ್ ಟು ದ ಸ್ಟ್ರೀಟ್" ಬಂತು. ವೋಲ್ಜ್ ದನಿ ನುಣುಪಾದರೆ ಶ್ಲಿಟ್ ದನಿಯಲ್ಲಿ ಒರಟಿದೆ, ಸುಟ್ಟ ಗಾಯದ ಗುರುತಿದೆ. ಮುಂದೆ ಸುಮಾರು ಇಪ್ಪತ್ತು ವರ್ಷ ಅವರೇ ಹಾಡಿದರು.

ನಿಜ, ಆ ತಂಡದಲ್ಲಿ ಹತ್ತಾರು ಜನ ಬಂದು ಹೋದರು. ಆದರೆ ಹಾಡುಗಳಲ್ಲಿ ಬಹುಪಾಲು ಬರೆದ ಕೈ ಒಂದೇ, ಹಾರ್ಟ್‌ಮನ್‌ದು. 1995ರಲ್ಲಿ ಊರೂರು ಸುತ್ತುವುದನ್ನು ನಿಲ್ಲಿಸಿ ಮನೆಯಲ್ಲಿ ಉಳಿದಾಗಲೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಹಾಗಾಗಿ ಒಂದೇ ತಂಡ ಅನ್ನುತ್ತೇನೆ.

ಗೆಲುವಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲಿಫಾಂಟೆ ಸಹೋದರರು ಆಲ್ಬಮ್ಮುಗಳ ನಿರ್ಮಾಣ ವಹಿಸಿಕೊಂಡ ಮೇಲೆ ಸದ್ದು ಗಟ್ಟಿಯಾಯಿತು, ಸಭಾಂಗಣಗಳು ದೊಡ್ಡವಾದವು. "ಬಿಯಾಂಡ್ ಬಿಲೀಫ್" (1990), "ಅನ್‌ಸೀನ್ ಪವರ್" (1991), "ವೇಕ್ ಅಪ್ ಕಾಲ್" (1993) ಮೂರಕ್ಕೂ ಅಮೆರಿಕದ ಹೆಸರಾಂತ ಸಂಗೀತ ಪ್ರಶಸ್ತಿ ಗ್ರಾಮಿ ಬಂತು. ಈ ಹೊತ್ತಿಗೆ ಕ್ರೈಸ್ತ ಸಂಗೀತ ದೊಡ್ಡ ವ್ಯಾಪಾರವಾಗಿತ್ತು, ಪೆಟ್ರಾ ಅದರ ಒಳಗೇ ಇತ್ತು. ಈ ಮಟ್ಟಿಗೆ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದೇ ದಿನಗಳಲ್ಲಿ ಹಳದಿ ಕಪ್ಪು ಪಟ್ಟೆಯ ಉಡುಪಿನ ಸ್ಟ್ರೈಪರ್ ಎಂಬ ಕ್ರೈಸ್ತ ರಾಕ್ ತಂಡ ಎಂಟಿವಿ ಎಂಬ ಸಂಗೀತ ವಾಹಿನಿಯಲ್ಲಿ ಮಿಂಚಿತು, ಕ್ರೈಸ್ತ ಗಾಯಕಿ ಏಮಿ ಗ್ರಾಂಟ್ 1991ರಲ್ಲಿ ಒಂದು ಪ್ರೇಮಗೀತೆ ಹಾಡಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದರು. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಪೆಟ್ರಾ ಮಾತ್ರ ಯೇಸುವಿನ ಹೆಸರನ್ನು ಮಸುಕು ಮಾಡಿ ಹೊರಗಿನ ಮಾರುಕಟ್ಟೆಗೆ ಹೋಗಲಿಲ್ಲ. ಮಾರುವವರೇ ಆಗಿದ್ದರೆ ಆ ಬಾಗಿಲು ತೆರೆದೇ ಇತ್ತು.

ತೊಂಬತ್ತರ ದಶಕದ ಕೊನೆಗೆ ಕಾಲ ತಿರುಗಿತು. ಡಿಸಿ ಟಾಕ್, ಜಾರ್ಸ್ ಆಫ್ ಕ್ಲೇಯಂಥ ಕಿರಿಯ ಕ್ರೈಸ್ತ ತಂಡದವರು ಬಂದರು. ಪೆಟ್ರಾ ಬೆವರು ಸುರಿಸಿ ಸವೆಸಿದ ದಾರಿಯಲ್ಲೇ ನಡೆದು ಅವರು ಮುಂದೆ ಹೋದರು. ಪೆಟ್ರಾದ ಸದ್ದು ಹಳತೆನಿಸಿತು. 1998ರ "ಗಾಡ್ ಫಿಕ್ಸೇಶನ್" ನನ್ನ ಮನಸ್ಸಿಗೆ ತಾಗಿಲ್ಲ. 2000ದಲ್ಲಿ ಹಳೆಯ ಹಾಡುಗಳನ್ನೇ ಮೆಲ್ಲಗೆ ಹೊಸದಾಗಿ ಹಾಡಿದ "ಡಬಲ್ ಟೇಕ್" ನಾಲ್ಕನೆಯ ಗ್ರಾಮಿ ತಂದಿತು. ಅದೇ ವರ್ಷ, ಕ್ರೈಸ್ತ ಸಂಗೀತದ ಸಾಧಕರ ಗೌರವ ಪಟ್ಟಿಯಾದ ಗಾಸ್ಪೆಲ್ ಮ್ಯೂಸಿಕ್ ಹಾಲ್ ಆಫ್ ಫೇಮ್ ಸೇರಿದ ಮೊದಲ ರಾಕ್ ತಂಡ ಎಂಬ ಗೌರವವೂ ಸಿಕ್ಕಿತು. ಅಂಗಡಿಯ ಕಪಾಟಿನಲ್ಲಿ ಜಾಗ ಸಿಗದಿದ್ದವರನ್ನು ಗೌರವದ ಸಾಲಿಗೆ ಕರೆಯಲು ಕಾಲು ಶತಮಾನ ಹಿಡಿಯಿತು. ಮತ್ತೆ ಗಡುಸಾಗಿ ನುಡಿಸಿದ "ಜೆಕಿಲ್ ಅಂಡ್ ಹೈಡ್" (2003) ಆದ ಮೇಲೆ ವಿದಾಯ ಸಾರಿದರು. ಕೊನೆಯ ಕಾರ್ಯಕ್ರಮ ಉತ್ತರ ಕ್ಯಾರೊಲಿನಾದ ಮರ್ಫಿ ಊರಿನಲ್ಲಿ, 2005ರ ಡಿಸೆಂಬರ್ 31ರ ರಾತ್ರಿ ಶುರುವಾಗಿ ಹೊಸ ವರ್ಷದೊಳಗೆ ಕಾಲಿಟ್ಟು ಮುಗಿಯಿತು. ಆಮೇಲೆ 2010ರಲ್ಲಿ ವೋಲ್ಜ್ ಜೊತೆಗೆ, ಐವತ್ತನೆಯ ವರ್ಷದ ನೆಪದಲ್ಲಿ ಶ್ಲಿಟ್ ಜೊತೆಗೆ ಹಾರ್ಟ್‌ಮನ್ ಮತ್ತೆ ಗಿಟಾರ್ ಎತ್ತಿಕೊಂಡರು.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. 1834ರಲ್ಲಿ ನಿಮ್ಮ ಊರಿಗೆ ಬಂದ ಬಾಸೆಲ್ ಮಿಶನ್‌ನವರು ಜರ್ಮನಿಯ ಧಾಟಿಗಳಿಗೆ ಕನ್ನಡದ ಮಾತು ಕೂಡಿಸಿದ್ದರಿಂದಲೇ ನೀವು ಹಾಡಿ ಬೆಳೆದ ಎಷ್ಟೋ ಗೀತೆಗಳು ಹುಟ್ಟಿದವು. ಮೊದಲ ಸಲ ಅವನ್ನು ಕೇಳಿದ ಮಂಗಳೂರಿನ ಕಿವಿಗೂ ಅವು ಹೊರಗಿನ ಸದ್ದೇ ಆಗಿದ್ದಿರಬೇಕು.

ಒಂದು ಸಂಜೆ ಮೊಮ್ಮಗನನ್ನು ಪಕ್ಕ ಕೂರಿಸಿಕೊಳ್ಳಿ. ಮೊದಲು "ದಿ ಕಲರಿಂಗ್ ಸಾಂಗ್" ಹಾಕಿಸಿ, ಹೆಂಚು ಅದುರುವುದಿಲ್ಲ. ಆಮೇಲೆ 1989ರ "ಪೆಟ್ರಾ ಪ್ರೇಸ್"; ಅದರಲ್ಲಿರುವುದೆಲ್ಲ ಆರಾಧನೆಯ ಹಾಡು. ಕಡೆಗೆ, ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯವನ್ನು ನೀವು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಅವನು "ಕಿಲ್ಲಿಂಗ್ ಮೈ ಓಲ್ಡ್ ಮ್ಯಾನ್" ಹಾಕಲಿ. ಇಬ್ಬರಿಗೂ ಏನನ್ನಿಸಿತೆಂದು ಬರೆದು ತಿಳಿಸಿ, ಎರಡೂ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ